ಸ್ಯಾಂಪಲಕ್ಕ ಕನ್ನಡಕ ಬಿಟ್ಟದ್ದು

ನಮ್ಮ ಕ್ಲಿನಿಕ್ಕಿನ ಫ್ರಿಜ್ಜಿನಲ್ಲಿ ಕಾಯುವ ರಕ್ತದ ಟ್ಯೂಬುಗಳನ್ನು ಒಯ್ಯಲು ಬೆಳಿಗ್ಗೆ ಒಂಬತ್ತೂಕಾಲಿಗೆ ಸರಿಯಾಗಿ ಬರುವವಳು ಸ್ಯಾಂಪಲಕ್ಕ. ನಾನು ಅಲ್ಲಿ ರೋಗಿಗಳ ಚೀಟಿ ಬರೆಯುವವಳು. ಅವಳ ನಿಜವಾದ ಹೆಸರು ನನ್ನ ರಿಜಿಸ್ಟರಿನಲ್ಲಿದೆ, ಆದರೆ ಹದಿನಾಲ್ಕು ಕ್ಲಿನಿಕ್ಕಿನವರೂ ಅವಳನ್ನು ಕರೆಯುವುದು ಹೀಗೆಯೇ. ಹದಿನಾಲ್ಕೂ ಕಡೆಯ ರಕ್ತ, ಮೂತ್ರ, ಕಫವನ್ನೆಲ್ಲ ಐಸ್ ಪೆಟ್ಟಿಗೆಗೆ ತುಂಬಿ, ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿ, ಹನ್ನೆರಡರೊಳಗೆ ದೊಡ್ಡ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಟ್ಯೂಬು ಒಡೆದಿದೆ. ಅದೂ ಲ್ಯಾಬಿನವರ ಕೈಯಲ್ಲಿ.

ಅವಳಿಗಿದ್ದ ಒಂದೇ ತೊಂದರೆ ಕನ್ನಡಕ. ಮೈನಸ್ ಒಂಬತ್ತು. ಗಾಜು ಸೀಸೆಯ ತಳದಷ್ಟು ದಪ್ಪ. ಹೆಲ್ಮೆಟ್ ಹಾಕುವಾಗ ಮೊದಲು ಕನ್ನಡಕ ತೆಗೆದು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು, ಕುರುಡು ಕುರುಡಾಗಿ ತಲೆ ತೂರಿಸಬೇಕು, ಆಮೇಲೆ ಕನ್ನಡಕದ ಕಡ್ಡಿಗಳನ್ನು ಮೆತ್ತೆಯ ಸಂದಿಯಲ್ಲಿ ಒಂದೊಂದಾಗಿ ನೂಕಬೇಕು. ಒಂದು ಕಡ್ಡಿ ಕಿವಿಯ ಮೇಲೆ ಕೂತರೆ ಇನ್ನೊಂದು ಕಿವಿಯೊಳಗೇ ಹೋಗುತ್ತಿತ್ತು. ಹದಿನಾಲ್ಕು ಕ್ಲಿನಿಕ್ಕು, ಹದಿನಾಲ್ಕು ಸಲ ಈ ಸರ್ಕಸ್ಸು. ಚಳಿ ಬಿದ್ದರೆ ಅವಳ ಉಸಿರಿಗೇ ಹೆಲ್ಮೆಟ್ಟಿನ ಗಾಜು ಮಸುಕು, ಅದರ ಹಿಂದೆ ಕನ್ನಡಕವೂ ಮಸುಕು.

ಅಂಥದೊಂದು ಚಳಿಯ ಬೆಳಿಗ್ಗೆಯೇ ಆ ಪ್ರಸಂಗ ನಡೆದದ್ದು. ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡನನ್ನು ಅವನ ಅಂಗಡಿಗೆ ಬಿಡಲು ಹೊರಟಿದ್ದಳು. ದಾರಿಯಲ್ಲಿ ಅವನು ಬ್ಲೇಡು ಕೊಳ್ಳಲು ಇಳಿದ. ಇವಳು ಎಂಜಿನ್ ಆಫ್ ಮಾಡದೆ ಕಾದಳು. ಹಿಂದಿನ ಸೀಟು ಕುಗ್ಗಿತು, ಹೊರಟಳು. ಹೊರಟ ಮೇಲೆ ಬೆಳಗಿನಿಂದ ತಡೆದಿಟ್ಟುಕೊಂಡದ್ದನ್ನೆಲ್ಲ ಬಿಚ್ಚಿದಳು.

"ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳೋದು? ಹದಿನೆಂಟು ವರ್ಷದಿಂದ ಹೇಳ್ತಿದ್ದೀನಿ. ಕಿವೀಲಿ ಏನು ಹತ್ತಿ ಇಟ್ಕೊಂಡಿದ್ದೀರಾ?"

ಹಿಂದಿನಿಂದ ಉತ್ತರವಿಲ್ಲ. ಗಂಡ ಮಿತಭಾಷಿಯಾದ್ದರಿಂದ ಅವಳಿಗೆ ಅನುಮಾನವೂ ಬರಲಿಲ್ಲ. ಟವೆಲ್ಲಿನಿಂದ ಅವನ ಗೊರಕೆಗೆ, ಗೊರಕೆಯಿಂದ ಅವನ ತಮ್ಮನಿಗೆ ಬಂದಳು. ಮೂರನೆಯ ಸಿಗ್ನಲ್ಲಿನಲ್ಲಿ ಹಿಂದಿನಿಂದ ಮೆಲ್ಲಗೆ ಒಂದು ದನಿ ಬಂತು.

"ಮೇಡಂ, ನನಗೆ ತಮ್ಮ ಇಲ್ಲ. ಇದು ಬೈಕ್ ಟ್ಯಾಕ್ಸಿ ತಾನೆ?"

ಆ ಸಂಜೆ ಗಂಡ, "ನಾಳೆ ಕಣ್ಣಂಗಡಿಗೆ ಹೋಗೋಣ" ಎಂದಷ್ಟೇ ಹೇಳಿದ.

ಕಣ್ಣಂಗಡಿಯವನು ಸಾವಧಾನದ ಮನುಷ್ಯ. ಕಣ್ಣು ಪರೀಕ್ಷಿಸಿ, ಒಂದು ಜೊತೆ ಮೆತ್ತನೆಯ ಲೆನ್ಸ್ ಕೊಟ್ಟು ಮೂರು ಮಾತು ಹೇಳಿದ. ಕೈ ತೊಳೆಯದೆ ಮುಟ್ಟಬಾರದು. ಗಾಡಿ ಮೇಲೆ ಹೆಲ್ಮೆಟ್ಟಿನ ಗಾಜು ಎತ್ತಬಾರದು, ಗಾಳಿಗೆ ಲೆನ್ಸ್ ಒಣಗುತ್ತದೆ. ಹಳೆಯ ಕನ್ನಡಕ ಸದಾ ಚೀಲದಲ್ಲಿರಬೇಕು. ಸ್ಯಾಂಪಲಕ್ಕ ಮೂರಕ್ಕೂ ತಲೆಯಾಡಿಸಿದಳು.

ಮರುದಿನ ಬಚ್ಚಲಮನೆಯ ಕನ್ನಡಿಯ ಮುಂದೆ ಯುದ್ಧ ಶುರುವಾಯಿತು. ಬಲಗಣ್ಣಿಗೆ ಮೂವತ್ತೈದು ನಿಮಿಷ. ಲೆನ್ಸು ಮೂಗಿನ ತುದಿಗೆ ಅಂಟಿತು, ಸೋಪಿನ ಮೇಲೆ ಬಿತ್ತು, ಒಮ್ಮೆ ಕಾಣೆಯಾಗಿ ಮೊಣಕೈಯಲ್ಲಿ ಸಿಕ್ಕಿತು. ಪ್ರತಿ ಸಲವೂ ತೊಳೆದು ಮತ್ತೆ ಮೊದಲಿನಿಂದ. ಕಾಲೇಜಿಗೆ ಹೋಗುವ ಮಗಳು ಬಾಗಿಲಲ್ಲಿ ನಿಂತು ಫೋನಿನಲ್ಲಿ ಸಮಯ ಲೆಕ್ಕ ಹಾಕುತ್ತಿದ್ದಳು.

"ಅಮ್ಮಾ, ಬಿಡಬೇಕಾದ್ದು ಕಣ್ಣು. ನೀನು ಬಾಯಿ ಬಿಡ್ತಿದ್ದೀಯ."

"ಅದು ಬಿಟ್ರೆ ಇದು ಬಿಡತ್ತೆ ಕಣೇ, ನಾನೇನು ಮಾಡಲಿ!"

ಹೊರಗೆ ಗಂಡ ಬಚ್ಚಲು ಖಾಲಿಯಾಗುವುದನ್ನೇ ಕಾಯುತ್ತ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

ಅಂತೂ ಎರಡೂ ಕೂತವು. ಕಣ್ಣೊರೆಸಿಕೊಂಡು ಕನ್ನಡಿ ನೋಡಿದ ಸ್ಯಾಂಪಲಕ್ಕ ಬೆಚ್ಚಿಬಿದ್ದಳು. ಹತ್ತು ವರ್ಷದ ಹುಡುಗಿಯಾದಾಗಿನಿಂದ ಅವಳು ಕನ್ನಡಕವಿಲ್ಲದ ತನ್ನ ಮುಖವನ್ನು ನೋಡಿರಲೇ ಇಲ್ಲ. ಕನ್ನಡಕ ತೆಗೆದರೆ ಮುಖವಿರಲಿ, ಕನ್ನಡಿ ಇದೆಯೆಂಬುದೇ ಗೊತ್ತಾಗುತ್ತಿರಲಿಲ್ಲ. ಈಗ ನೋಡಿದರೆ ಅಲ್ಲಿ ನಿಂತಿದ್ದವಳು ಅವಳ ಸೋದರತ್ತೆ. ಅದೇ ಅಗಲ ಹಣೆ, ಅದೇ ಉಬ್ಬುಗಣ್ಣು, ಎದುರಿನವರು ಏನೋ ತಪ್ಪು ಮಾಡಿದ್ದಾರೆ ಎನ್ನುವಂತೆ ಎತ್ತಿಕೊಂಡ ಅದೇ ಎಡಹುಬ್ಬು.

ಅಪ್ಪನ ತಂಗಿಯಾದ ಈ ಸೋದರತ್ತೆಯ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಸ್ಯಾಂಪಲಕ್ಕ ಬೈಕು ಕೊಂಡ ವರ್ಷ, ನೆಂಟರೆಲ್ಲ ಸೇರಿದ್ದ ಒಂದು ಮದುವೆಯಲ್ಲಿ ಆಕೆ ಎಲ್ಲರಿಗೂ ಕೇಳುವಂತೆ ಅಂದಿದ್ದಳು: "ನೆಟ್ಟಗೆ ಕಣ್ಣು ಕಾಣದವಳು ಗಾಡಿ ಓಡಿಸಿದ್ರೆ ದಾರೀಲಿ ಹೋಗೋರ ಗತಿ ಏನು?" ಇವಳು ಊಟ ಬಿಟ್ಟು ಎದ್ದು ಬಂದವಳು ಮತ್ತೆ ಆಕೆಯ ಮನೆಯತ್ತ ತಲೆ ಹಾಕಿರಲಿಲ್ಲ.

"ಇನ್ಮೇಲೆ ದಿನಾ ಬೆಳಿಗ್ಗೆ ಎದ್ದು ಅವಳ ಮುಖ ನೋಡಬೇಕಲ್ಲಪ್ಪಾ" ಎಂದು ಅವಳು ನನ್ನ ಮೇಜಿನ ಮುಂದೆ ನಿಂತು ಗೋಳಾಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಆದರೆ ಗಾಡಿ ಹತ್ತಿದ ಮೇಲೆ ಆ ದುಃಖ ಉಳಿಯಲಿಲ್ಲ. ರಸ್ತೆಗೆ ಇಷ್ಟೊಂದು ಅಗಲವಿದೆಯೆಂದು ಅವಳಿಗೆ ಆವರೆಗೆ ಗೊತ್ತೇ ಇರಲಿಲ್ಲವಂತೆ. ಚೌಕಟ್ಟಿನ ಆಚೆಗೆ ಬರೀ ಮಬ್ಬಾಗಿದ್ದ ಜಾಗದಲ್ಲಿ ಈಗ ಮನುಷ್ಯರು, ಗಿಡಗಳು, ಒಣಗಿಹಾಕಿದ ಬಟ್ಟೆಗಳು. ಇಲ್ಲದ ಕನ್ನಡಕವನ್ನು ಮೇಲೇರಿಸಲು ಹೋಗಿ ಬೆರಳು ಹೆಲ್ಮೆಟ್ಟಿನ ಗಾಜಿಗೆ ಟಕ್ಕೆಂದು ಬಡಿಯುತ್ತಿತ್ತು. ಬಡಿದಾಗೆಲ್ಲ ಒಬ್ಬಳೇ ನಗುತ್ತಿದ್ದಳು.

ಮೂರನೆಯ ವಾರಕ್ಕೆ ಧೈರ್ಯ ಹೆಚ್ಚಾಯಿತು. ಕನ್ನಡಕವನ್ನು ಮನೆಯ ಡ್ರಾಯರಿನಲ್ಲಿ ಬಿಟ್ಟಳು. ಮೇಲುಸೇತುವೆಯ ಮೇಲೆ ತಂಪು ಗಾಳಿ ಬೀಸುತ್ತಿದ್ದಾಗ, ಒಂದೇ ಒಂದು ಸಲ ಎಂದುಕೊಂಡು ಹೆಲ್ಮೆಟ್ಟಿನ ಗಾಜನ್ನೂ ಎತ್ತಿದಳು. ಸೇತುವೆ ಇಳಿಯುವ ಹೊತ್ತಿಗೆ ಬಲಗಣ್ಣಿನ ಲೆನ್ಸು ಒಣಗಿ ಮುದುಡಿ ಎಲ್ಲಿಗೋ ಸರಿದುಹೋಯಿತು. ಅರ್ಧ ಜಗತ್ತು ಸ್ಪಷ್ಟ, ಅರ್ಧ ಗಂಜಿ. ಕಣ್ಣಿನಿಂದ ನೀರು ಧಾರಾಕಾರ. ಅವಳು ಮೊದಲು ಸಿಕ್ಕ ಜಾಗದಲ್ಲಿ ಗಾಡಿ ನಿಲ್ಲಿಸಿ ಇಳಿದುಬಿಟ್ಟಳು. ಅದು ನಿಲ್ಲಿಸುವ ಜಾಗವಾಗಿರಲಿಲ್ಲ.

"ಏನ್ರೀ, ಬೋರ್ಡು ಕಾಣಲ್ವಾ?" ಎನ್ನುತ್ತ ಸಂಚಾರಿ ಪೊಲೀಸಿನವನು ಬಂದ.

ಅವಳು ತಿರುಗಿದಳು. ಬಲಗಣ್ಣು ತಾನಾಗಿಯೇ ಮುಚ್ಚಿ ತೆರೆಯಿತು. ಅವನು ತನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೋ ಎಂದು ನೋಡಿದ. ಯಾರೂ ಇರಲಿಲ್ಲ. ಕಣ್ಣು ಇನ್ನೊಮ್ಮೆ ಮಿಟುಕಿತು, ಬಳಿಕ ಎರಡು ಸಲ ಬೇಗಬೇಗನೆ. ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

"ಮೇಡಂ, ನಾನು ಡ್ಯೂಟೀಲಿದ್ದೀನಿ. ನನಗೆ ಇಬ್ಬರು ಮಕ್ಕಳಿದ್ದಾರೆ."

"ಇರಲಿ ಸಾರ್, ಚೆನ್ನಾಗಿರಲಿ! ಕಣ್ಣೊಳಗೆ ಲೆನ್ಸ್ ಮಡಚ್ಕೊಂಡಿದೆ ನಂದು!"

ಅವನು ನಂಬಲಿಲ್ಲ. ಲೈಸೆನ್ಸ್ ಕೇಳಿದ. ಅದರ ಫೋಟೋದಲ್ಲಿ ಎರಡು ದಪ್ಪ ಗಾಜುಗಳೂ ಅವುಗಳ ಹಿಂದೆ ಎರಡು ಪುಟ್ಟ ಕಣ್ಣುಗಳೂ ಇದ್ದವು. ಅವನು ಕಾರ್ಡನ್ನೂ ಅವಳನ್ನೂ ನಾಲ್ಕೈದು ಸಲ ನೋಡಿದ.

"ಇದು ನೀವಲ್ಲ. ನೀವು ನಮ್ಮ ಜೆರಾಕ್ಸ್ ಅಂಗಡಿ ಅಮ್ಮನ ಥರ ಇದ್ದೀರಿ. ಅವರ ತಂಗಿಯಾ?"

ಸ್ಯಾಂಪಲಕ್ಕ ಆಗಲೇ ಕಾಣುವ ಕಣ್ಣಿನಿಂದ ಸುತ್ತ ನೋಡಿದ್ದು. ಸೋದರತ್ತೆಯ ಜೆರಾಕ್ಸ್ ಅಂಗಡಿ ಇರುವ ರಸ್ತೆಯದು. ಹನ್ನೊಂದು ವರ್ಷದಿಂದ ಸುತ್ತು ಬಳಸಿಯಾದರೂ ತಪ್ಪಿಸಿ ಹೋಗುತ್ತಿದ್ದಳು. ಅವತ್ತು ಸೇತುವೆಯ ಗಾಳಿಯ ಆಸೆಗೆ ಮರೆತಿದ್ದಳು. ತಡೆಯುವಷ್ಟರಲ್ಲಿ ಪೊಲೀಸಿನವನು ಆಚೆ ಬದಿಗೆ ಕೂಗು ಹಾಕಿಯಾಗಿತ್ತು. ಕೈಯಲ್ಲಿ ಇನ್ನೂ ಬೆಚ್ಚಗಿದ್ದ ಕಾಗದಗಳನ್ನು ಹಿಡಿದೇ ಎಪ್ಪತ್ತು ದಾಟಿದ ಸೋದರತ್ತೆ ರಸ್ತೆ ದಾಟಿ ಬಂದಳು. ಇಬ್ಬರೂ ಎದುರುಬದುರು ನಿಂತರು. ಇಬ್ಬರ ಎಡಹುಬ್ಬೂ ಮೇಲೇರಿತು.

ಪೊಲೀಸಿನವನು ಲೈಸೆನ್ಸ್ ವಾಪಸ್ ಕೊಟ್ಟ. "ಇನ್ನು ಇದು ಬೇಡ, ಹುಬ್ಬೇ ಸಾಕು" ಎಂದ.

"ನನ್ನ ಅಣ್ಣನ ಮಗಳು" ಎಂದಳು ಸೋದರತ್ತೆ. ಆಮೇಲೆ ಇವಳ ಕಡೆ ತಿರುಗಿ, "ಅಳ್ತಿದ್ದೀಯಾ?"

"ಇಲ್ಲ. ಲೆನ್ಸು."

"ಬಾ ಒಳಗೆ."

ಅಂಗಡಿಯಲ್ಲಿ ಎರಡು ಯಂತ್ರ, ಕಾಗದದ ಕಟ್ಟುಗಳು, ಒಂದೇ ಸ್ಟೂಲು. ಸ್ಯಾಂಪಲಕ್ಕನನ್ನು ಅದರ ಮೇಲೆ ಕೂರಿಸಿ, ಸೋದರತ್ತೆ ಬೆರಳುಗಳ ಶಾಯಿ ಹೋಗುವವರೆಗೆ ಸೋಪಿನಿಂದ ಎರಡು ಸಲ ಕೈ ತೊಳೆದಳು. ಕಣ್ಣಿಗೆ ಬಿಡುವ ಹನಿಮದ್ದನ್ನು ಪಕ್ಕದ ಔಷಧದಂಗಡಿಯಿಂದ ತಂದುಕೊಟ್ಟವನು ಪೊಲೀಸಿನವನೇ. ತನ್ನ ತಪ್ಪು ತಿಳುವಳಿಕೆಗೆ ಅವನಿಗೆ ಸ್ವಲ್ಪ ನಾಚಿಕೆಯಾದಂತಿತ್ತು.

"ಮೇಲೆ ನೋಡು" ಎಂದಳು ಸೋದರತ್ತೆ ಮೇಜಿನ ದೀಪ ಬಗ್ಗಿಸಿ. "ಕೆಳಗೆ ನೋಡು. ಈಗ ನನ್ನ ನೋಡು."

ನೋಡಲೇಬೇಕಾಯಿತು. ಕಾಣುತ್ತಿದ್ದ ಎಡಗಣ್ಣಿನಲ್ಲಿ ಆ ಮುಖವನ್ನು ಗೇಣಿನ ದೂರದಿಂದ ನೋಡಿದಳು. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುವ ಮುಖಕ್ಕಿಂತ ಬಹಳ ಹಣ್ಣಾಗಿತ್ತು. ಗಲ್ಲ ಜೋತಿತ್ತು, ಹುಬ್ಬು ಬೆಳ್ಳಗಾಗಿತ್ತು. ಈ ಸಲ ಕಣ್ಣಲ್ಲಿ ಬಂದ ನೀರು ಲೆನ್ಸಿನದೋ ಅಲ್ಲವೋ ತನಗೂ ತಿಳಿಯಲಿಲ್ಲ ಎಂದು ಅವಳು ನನಗೆ ಹೇಳಿದಳು. ಆದರೆ ಆ ನೀರಿಗೇ ಮೂಲೆಯಲ್ಲಿ ಅಡಗಿದ್ದ ಲೆನ್ಸು ತೇಲಿ ಹೊರಬಂತು.

ಸೋದರತ್ತೆ ಅದನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದಳು. "ಇಷ್ಟೇನಾ?"

ಅದನ್ನು ಹಾಗೆಯೇ ಮತ್ತೆ ಹಾಕುವಂತಿರಲಿಲ್ಲ. ಗಂಡನಿಗೆ ಫೋನು ಹೋಯಿತು. ಲ್ಯಾಬಿಗೂ ಹೋಯಿತು. ಪೆಟ್ಟಿಗೆಯ ಐಸು ಗಟ್ಟಿಯಾಗಿತ್ತು, ಹನ್ನೆರಡಕ್ಕೆ ಇನ್ನೂ ಒಂದೂವರೆ ಗಂಟೆಯಿತ್ತು. ಗಂಡ ಬಸ್ಸಿನಲ್ಲಿ ಕನ್ನಡಕ ತರುವವರೆಗೆ ಇಬ್ಬರೂ ಎರಡು ಯಂತ್ರಗಳ ನಡುವೆ ಕಾದರು.

"ಅವತ್ತು ನಾನು ಅಂದಿದ್ದು ಸುಳ್ಳಾಯ್ತೇನೇ?" ಎಂದು ಸೋದರತ್ತೆ ಕೇಳಿದಳು.

"ಕಣ್ಣು ಕಾಣದೆ ಹೋದ ತಕ್ಷಣ ಗಾಡಿ ನಿಲ್ಲಿಸಿದ್ನಾ ಇಲ್ವಾ? ಯಾರಿಗಾದ್ರೂ ಗುದ್ದಿದ್ನಾ?"

ಸೋದರತ್ತೆ ಒಂದು ಕಟ್ಟು ಕಾಗದವನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿದಳು. ಸರಿಯಾಗಿದ್ದ ಅಂಚನ್ನೇ ಇನ್ನೊಮ್ಮೆ ಕುಟ್ಟಿದಳು.

"ಅದೂ ನಿಜ" ಎಂದಳು. ಹನ್ನೊಂದು ವರ್ಷಕ್ಕೆ ಸಿಕ್ಕ ಕ್ಷಮಾಪಣೆ ಅಷ್ಟೇ. ಸ್ಯಾಂಪಲಕ್ಕನೂ ಅದಕ್ಕಿಂತ ಹೆಚ್ಚಿನದನ್ನು ಕೇಳಲಿಲ್ಲ.

ಗಂಡ ಕನ್ನಡಕದ ಜೊತೆ ಲೆನ್ಸಿನ ಡಬ್ಬಿಯನ್ನೂ ಮರೆಯದೆ ತಂದಿದ್ದ. ಎಡಗಣ್ಣಿನದನ್ನೂ ತೆಗೆದಿಟ್ಟು, ಕನ್ನಡಕವನ್ನು ಹಲ್ಲಿನಲ್ಲಿ ಕಚ್ಚಿ, ಹೆಲ್ಮೆಟ್ಟಿಗೆ ತಲೆ ತೂರಿಸಿ ಹೊರಟಳು. ಹನ್ನೊಂದು ಮುಕ್ಕಾಲಿಗೆ ಪೆಟ್ಟಿಗೆ ಲ್ಯಾಬಿನ ಮೇಜಿನ ಮೇಲಿತ್ತು.

ಈಗಲೂ ಅವಳು ಲೆನ್ಸ್ ಹಾಕುತ್ತಾಳೆ, ಎರಡು ಕಣ್ಣಿಗೆ ಮೂರು ನಿಮಿಷ. ಹೆಲ್ಮೆಟ್ಟಿನ ಗಾಜು ಇಳಿದೇ ಇರುತ್ತದೆ. ಅಂಗಡಿಗೆ ರಜೆಯಿರುವ ಭಾನುವಾರಗಳಂದು ಸೋದರತ್ತೆ ಹೊಸದೊಂದು ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂರುತ್ತಾಳೆ. ಮೊನ್ನೆ ಇಬ್ಬರೂ ನಮ್ಮ ಬೀದಿಯಲ್ಲಿ ಹಾದುಹೋಗುವುದನ್ನು ಕಂಡೆ. "ಮುಂದೆ ಹಳ್ಳ ಇದೆ ಕಣೇ, ಎಡಗಡೆ ಸೈಕಲ್ ಬಂತು, ಅಯ್ಯೋ ನಿಧಾನ" ಎಂದು ಹಿರಿಯವಳು ಕೂಗುತ್ತಿದ್ದಳು. "ಕಾಣ್ತಿದೆ ಅತ್ತೆ, ಎಲ್ಲಾ ಕಾಣ್ತಿದೆ" ಎಂದು ಕಿರಿಯವಳು ಅದಕ್ಕಿಂತ ಜೋರಾಗಿ ಕೂಗುತ್ತ ತಿರುವು ತೆಗೆದುಕೊಂಡಳು.