ನೂರಿಪ್ಪತ್ತರ ಬೆಲ್

“ಬೆಲ್ ಉಂಟಲ್ಲ ರಾಯರೇ?” ಎಂದು ಸಂಜೀವಣ್ಣ ಕೇಳಿದರು. “ಇದೆ” ಎಂದೆ. ಇರಲಿಲ್ಲ. ಅದರ ತಂತಿಯನ್ನು ಕತ್ತರಿಸಿ ಹಾಕಿಸಿದವನು ನಾನೇ. ಆ ಕಾರನ್ನು ಅವರು ಕೊಳ್ಳುತ್ತಿದ್ದದ್ದು ಹತ್ತೊಂಬತ್ತು ವರ್ಷದ ಮಗಳಿಗಾಗಿ — ಅದೂ ನನಗೆ ಗೊತ್ತಿತ್ತು.

ಇಷ್ಟನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಹಿನ್ನೆಲೆಯಿಂದ ಶುರುಮಾಡಿದರೆ ದಾರಿಯಲ್ಲಿ ಎಲ್ಲೋ ನನ್ನನ್ನು ನಾನೇ ಕಾಪಾಡಿಕೊಂಡುಬಿಡುತ್ತೇನೆ ಎಂಬ ಭಯ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದವನು ನಾನು. ಅದರಲ್ಲಿ ಸುಳ್ಳು ಹುಡುಕಿದರೆ ಬಹುಶಃ ಸಿಗಲಿಕ್ಕಿಲ್ಲ; ಬರೆಯದೆ ಬಿಟ್ಟದ್ದು ಮಾತ್ರ ಬಹಳ. ಆ ದಿನದ ಪುಟ ಈಗ ನನ್ನ ಮುಂದಿದೆ: “ಕಾರನ್ನು ಸಂಜೀವಣ್ಣನಿಗೆ ಕೊಟ್ಟಾಯಿತು. ಒಳ್ಳೆಯ ಕೈಗೆ ಹೋಯಿತು. ವಿಪರೀತ ಸೆಕೆ.” ಬೆಲ್ಲಿನ ಮಾತೇ ಇಲ್ಲ.

ತೊಂಬತ್ತರ ದಶಕದ ನಡುಭಾಗ. ಮಸ್ಕತ್ತಿನ ರೂವಿಯಲ್ಲಿ ಒಂದು ಕಟ್ಟಡ ಕಂಪನಿಯ ಆಫೀಸಿನಲ್ಲಿ ನಾನು ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಸಂಜೀವಣ್ಣ ಅದೇ ಕಂಪನಿಯ ಬಸ್ ಡ್ರೈವರ್. ಮೂಲ್ಕಿಯವರು, ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಹಾಸನದವನಾದ ನನಗೆ ತುಳು ಬಾರದು ಎಂದು ನನ್ನೊಡನೆ ಮಾತ್ರ ಕನ್ನಡ ಆಡುತ್ತಿದ್ದರು. ಕೆಲಸಗಾರರನ್ನು ಬೆಳಗ್ಗೆ ಸೈಟಿಗೆ ಒಯ್ಯುವುದು, ಸಂಜೆ ಕ್ಯಾಂಪಿಗೆ ತರುವುದು, ಶುಕ್ರವಾರ ರೂವಿಯ ಅಂಗಡಿಬೀದಿಗೆ ಕರೆತರುವುದು — ಹದಿನೈದು ವರ್ಷ ಅದನ್ನೇ ಮಾಡಿದವರು. ಒಂದು ಸಲವೂ ಬಸ್ಸಿನ ಬಣ್ಣ ಕೆರೆದುಹೋಗಿರಲಿಲ್ಲ. ಯಾವ ರಸ್ತೆಯಾದರೂ ಸರಿ, ಮುಳ್ಳು ನೂರನ್ನು ದಾಟಬಾರದು ಎಂಬುದು ಅವರಿಗೆ ಅವರೇ ಹಾಕಿಕೊಂಡಿದ್ದ ನಿಯಮ. ಹಿಂದೆ ಕೂತ ಹುಡುಗರು “ಯಲ್ಲಾ ಸಂಜೀವ್ ಭಾಯ್, ಯಲ್ಲಾ!” ಎಂದು ಕೂಗಿ ಅವಸರಪಡಿಸಿದರೆ, ಕನ್ನಡಿಯಲ್ಲಿ ಅವರನ್ನು ನೋಡುತ್ತ “ನಿಮ್ಮ ಅಮ್ಮಂದಿರು ಫೋನ್ ಮಾಡಿದ್ದಾರೆ, ಮೆಲ್ಲ ಬನ್ನಿ ಅಂತ” ಎನ್ನುತ್ತಿದ್ದರು.

ಅವರ ಹೆಂಡತಿ ಕಮಲಕ್ಕ ರುಸ್ತಾಕ್‌ನ ಆಸ್ಪತ್ರೆಯಲ್ಲಿ ನರ್ಸ್. ಅಲ್ಲೇ ಕ್ವಾರ್ಟರ್ಸ್. ತಂದೆ-ಮಗಳು ರೂವಿಯಲ್ಲಿ, ತಾಯಿ ಎರಡು ಗಂಟೆ ದೂರದಲ್ಲಿ. ಶುಕ್ರವಾರವೂ ಬಸ್ಸು ಓಡಿಸಬೇಕಿದ್ದ ಸಂಜೀವಣ್ಣ ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಮಗಳು ಸುಚಿತ್ರಾ ಹನ್ನೆರಡನೆಯ ತರಗತಿ ಮುಗಿಸಿ ಒಂದು ಟೈಪಿಂಗ್ ಆಫೀಸಿಗೆ ಸೇರಿದ್ದಳು. ಗುರುವಾರ ಮಧ್ಯಾಹ್ನ ಅಮ್ಮನ ಬಳಿಗೆ ಹೋಗಬೇಕೆಂದರೆ ಗುರುತಿಲ್ಲದ ಗಂಡಸರ ನಡುವೆ ಷೇರ್ ಟ್ಯಾಕ್ಸಿಯಲ್ಲಿ ಕೂರಬೇಕು. ಅವಳು ಲೈಸೆನ್ಸಿಗೆ ಅರ್ಜಿ ಹಾಕಿದಳು. ಎರಡು ಡ್ರಮ್ಮುಗಳ ನಡುವೆ ಹಿಮ್ಮುಖವಾಗಿ ಕಾರು ನಿಲ್ಲಿಸುವ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾದಳು. ಅಲ್ಲಿದ್ದ ನಮ್ಮ ಊರಿನ ಕಡೆಯ ಜನ — ನಾನೂ ಸೇರಿ — “ಹೆಣ್ಣುಹುಡುಗಿ, ಒಬ್ಬಳೇ, ಆ ಹೆದ್ದಾರಿಯಲ್ಲಿ?” ಎಂದು ತಲೆಯಾಡಿಸಿದೆವು. ಸಂಜೀವಣ್ಣ ತಲೆಯಾಡಿಸಲಿಲ್ಲ. ಕಾರು ಹುಡುಕತೊಡಗಿದರು.

ಆ ಹುಡುಕಾಟವನ್ನು ನೆನೆದರೆ ಈಗಲೂ ನನ್ನೊಳಗೆ ಏನೋ ಎದ್ದು ನಿಲ್ಲುತ್ತದೆ. ನಾಲ್ಕು ತಿಂಗಳು. ಬಿಡುವು ಸಿಕ್ಕಾಗಲೆಲ್ಲ ವಾದಿ ಕಬೀರಿನ ಹಳೇ ಕಾರುಗಳ ಸಾಲಿನಲ್ಲಿ ಅವರು. ಎಷ್ಟೋ ಸಲ ನಾನೂ ಜೊತೆಗಿದ್ದೆ. ಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತ ಅವರ ಜೇಬಿನಲ್ಲಿ. ಅದನ್ನು ಬಾಗಿಲಿನ ಮೇಲೆ ಜಾರಿಸುತ್ತ ಹೋಗುತ್ತಿದ್ದರು. ಅಂಟದೆ ಬಿದ್ದರೆ ಅಲ್ಲಿ ಬಣ್ಣದಡಿ ತಗಡಿಲ್ಲ, ಪುಟ್ಟಿ ಇದೆ ಎಂದು ಅರ್ಥ. ಡಿಕ್ಕಿಯ ಕಾರ್ಪೆಟ್ ಎತ್ತಿ ವೆಲ್ಡಿಂಗಿನ ಗುರುತು ಹುಡುಕುತ್ತಿದ್ದರು. ಸೀಟ್ ಬೆಲ್ಟನ್ನು ಇಪ್ಪತ್ತು ಸಲ ಜಗ್ಗುತ್ತಿದ್ದರು, ಹಿಂದಿನ ಸೀಟಿನದನ್ನೂ. ಟೈರಿನ ಗೀರು ಎಷ್ಟೇ ಹೊಸದಾಗಿರಲಿ, ಅದು ತಯಾರಾದದ್ದು ಯಾವಾಗ ಎಂದು ಮೊಣಕಾಲೂರಿ ಓದುತ್ತಿದ್ದರು. ಈ ಬಿಸಿಲಿಗೆ ನಿಂತಲ್ಲೇ ಒಣಗಿದ ರಬ್ಬರು ಓಡುವಾಗ ಒಡೆಯುತ್ತದೆ ಎನ್ನುತ್ತಿದ್ದರು. ಆಮೇಲೆ ಮಗಳನ್ನು ಕೂರಿಸಿ, “ಬ್ರೇಕ್ ಪೂರ್ತಿ ಒತ್ತು. ಕಾಲು ಮುಟ್ಟಿತಾ? ಬೆನ್ನು ಸೀಟಿಗೆ ತಾಗಿಯೇ ಉಂಟಾ?”

ಸುಚಿತ್ರಾಳಿಗೆ ಎರಡು ಬಾಗಿಲಿನ ಒಂದು ಕೆಂಪು ಕಾರಿನ ಮೇಲೆ ಮನಸ್ಸು. “ಡ್ಯಾಡಿ, ಪ್ಲೀಸ್! ಇಟ್ಸ್ ಸೋ ಕ್ಯೂಟ್.”

“ಚಂದ ನೋಡ್ಲಿಕ್ಕೆ ಮನೆಯಲ್ಲಿ ಕನ್ನಡಿ ಉಂಟು ಮಗಾ. ಇದು ನಿನ್ನನ್ನು ಅಮ್ಮನ ಹತ್ತಿರ ಮುಟ್ಟಿಸ್ಲಿಕ್ಕೆ.”

ಬಿಳಿಯೇ ಬೇಕು, ಧೂಳಿನಲ್ಲೂ ದೂರದವರಿಗೆ ಕಾಣುತ್ತದೆ. ನಾಲ್ಕು ಬಾಗಿಲು ಬೇಕು. ತೂಕ ಬೇಕು, ಎಂಜಿನ್ ಸಣ್ಣದಿರಬೇಕು. ಒಬ್ಬನೇ ಓಡಿಸಿದ ಕಾರಾಗಿರಬೇಕು, ಆ ಒಬ್ಬ ಗುರುತಿನವನಾಗಿರಬೇಕು. ಬೆಲೆ ಅವರ ಕೈಗೆ ಎಟುಕಬೇಕು. ಈ ಎಲ್ಲವೂ ಕೂಡಿಬಂದದ್ದು ನನ್ನ ಕಾರಿನಲ್ಲಿ — ಇಬ್ರಾ ಸೈಟಿಗೆ ಓಡಾಡಲು ಕಂಪನಿ ಗಾಡಿ ಸಿಕ್ಕಿದ್ದರಿಂದ ನಾನದನ್ನು ಮಾರುವವನಿದ್ದೆ.

ಇನ್ನು ಬೆಲ್. ಆ ಕಾಲದಲ್ಲಿ ಗಲ್ಫಿಗೆ ಬರುತ್ತಿದ್ದ ಕಾರುಗಳಲ್ಲಿ ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ದಾಟಿದ ಕೂಡಲೇ ಡ್ಯಾಶ್‌ಬೋರ್ಡಿನೊಳಗೆ ಟಿಂಗ್ ಟಿಂಗ್ ಎಂದು ಒಂದು ಸದ್ದು ಶುರುವಾಗುತ್ತಿತ್ತು. ವೇಗ ಇಳಿಸುವವರೆಗೂ ನಿಲ್ಲದು. ಇಬ್ರಾದ ದಾರಿಯಲ್ಲಿ ವಾರಕ್ಕೆರಡು ಬಾರಿ ಅದನ್ನು ಕೇಳಿ ಕೇಳಿ ತಲೆಕೆಟ್ಟು, ವಾದಿ ಕಬೀರಿನಲ್ಲಿ ಗ್ಯಾರೇಜಿದ್ದ ಉಳ್ಳಾಲದ ಬ್ಯಾರಿ ಹಮೀದನ ಬಳಿ ಹೋಗಿದ್ದೆ. ಅವನು ಕೆಳಗೆ ತೂರಿ, ಒಂದು ತಂತಿ ಕತ್ತರಿಸಿ, “ಖಲಾಸ್ ರಾಯರೇ, ಇನ್ನು ನಿಮ್ಮ ಕಾರು ಎದುರು ಮಾತಾಡುದಿಲ್ಲ” ಎಂದು ನಕ್ಕ. ನಾನೂ ನಕ್ಕೆ.

ಸಂಜೀವಣ್ಣ ಕಾರನ್ನು ಕುರುಮ್‌ವರೆಗೆ ಓಡಿಸಿ ನೋಡಿದರು, ತೊಂಬತ್ತರಲ್ಲಿ. ಕಂಪನಿಯ ಅಂಗಳದಲ್ಲಿ ನಿಲ್ಲಿಸಿ ಇಳಿದು, ಬಾನೆಟ್ಟಿನ ಮೇಲೆ ಕೈಯಿಟ್ಟರು. ಕೈಯಿಟ್ಟರೋ, ಅಥವಾ ಆ ಚಿತ್ರವನ್ನು ನಾನು ಆಮೇಲೆ ಸೇರಿಸಿಕೊಂಡೆನೋ. ಮಾತು ಮಾತ್ರ ಸರಿಯಾಗಿ ನೆನಪಿದೆ.

“ಎಲ್ಲ ನೋಡಿದೆ ರಾಯರೇ. ಬೆಲ್ ಒಂದು ನನಗೆ ನೋಡ್ಲಿಕ್ಕೆ ಆಗುದಿಲ್ಲ. ಅದನ್ನು ನೋಡ್ಬೇಕಾದ್ರೆ ನೂರಿಪ್ಪತ್ತು ಹೋಗ್ಬೇಕು. ನಾನು ನೂರರ ಮೇಲೆ ಹೋಗುದಿಲ್ಲ. ನಾನು ಪಕ್ಕದಲ್ಲಿ ಇಲ್ಲದಾಗ ಅವಳಿಗೆ ಹೇಳುವವರು ಒಬ್ಬರು ಬೇಕಲ್ಲ — ಬೆಲ್ ಉಂಟಲ್ಲ ರಾಯರೇ? ನೀವು ಹೇಳಿದ್ರೆ ಸಾಕು.”

“ಇದೆ.”

ಯಾಕೆ ಹಾಗೆಂದೆ? ಮಾರಾಟ ತಪ್ಪೀತೆಂದಲ್ಲ, ಕೊಳ್ಳಲು ಇನ್ನಿಬ್ಬರು ಕಾದಿದ್ದರು. ಇಲ್ಲ ಎಂದಿದ್ದರೆ ತಂತಿ ಕತ್ತರಿಸಿದ್ದೇಕೆಂದು ಹೇಳಬೇಕಿತ್ತು. ಎಂ.ಎ. ಓದಿದ ನಾನು ನೂರನಲವತ್ತರಲ್ಲಿ ಓಡಿಸುತ್ತೇನೆ, ಎಚ್ಚರಿಸುವ ಸದ್ದಿನ ಬಾಯಿ ಮುಚ್ಚಿಸುತ್ತೇನೆ — ಇದನ್ನು ಆ ಮನುಷ್ಯನ ಮುಖ ನೋಡಿಕೊಂಡು ಹೇಳಲು ನಾಚಿಕೆಯಾಯಿತು. ಅವರ ಮುಂದೆ ಸಣ್ಣವನಾಗಲು ಇಷ್ಟವಿರಲಿಲ್ಲ. ನಾಳೆ ಹಮೀದನಿಂದ ತಂತಿ ಸರಿಮಾಡಿಸಿ ಕೊಡೋಣ ಎಂದುಕೊಂಡಿದ್ದೆ ಎಂದೂ ನೆನಪು. ಆದರೆ ಆ ನೆನಪನ್ನು ನಾನು ನಂಬುವುದಿಲ್ಲ. ಡೈರಿಯಲ್ಲಿ ಅದಿಲ್ಲ, ನನಗೆ ತೀರ ಅನುಕೂಲವಾದ ನೆನಪು ಅದು. ಮರುದಿನವೇ ಮುಲ್ಕಿಯಾ, ಅಂದರೆ ಕಾರಿನ ನೋಂದಣಿ ಚೀಟಿ, ಅವರ ಹೆಸರಿಗಾಯಿತು. “ರಿಪೇರಿಗೆ ಹಮೀದನ ಹತ್ತಿರ ಹೋಗಿ” ಎಂದು ವಿಳಾಸ ಕೊಟ್ಟೆ. ತಂತಿಯ ಮಾತೆತ್ತಲಿಲ್ಲ.

ಒಂದೂವರೆ ತಿಂಗಳ ಮೇಲೆ ಸಂಜೀವಣ್ಣ ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಒಮಾನಿ ಹಲ್ವಾದ ಬಟ್ಟಲು. ಕಣ್ಣು ಕೆಂಪಾಗಿತ್ತು.

“ನಿಮ್ಮ ಬೆಲ್ ನನ್ನ ಮಗಳನ್ನು ಉಳಿಸಿತು ರಾಯರೇ.”

ರುಸ್ತಾಕ್‌ನಿಂದ ಮರಳುವಾಗ ಬರ್ಕಾ ದಾಟಿದ ಮೇಲೆ ಖಾಲಿ ರಸ್ತೆ, ಅವಳು ವೇಗ ಹೆಚ್ಚಿಸಿದ್ದಾಳೆ. ಬೆಲ್ ಬಡಿದಿದೆ. ಬೆಚ್ಚಿ ಕಾಲು ತೆಗೆದಿದ್ದಾಳೆ. ಅಷ್ಟರಲ್ಲಿ ಒಂದು ಪಿಕಪ್ಪು ಮಣ್ಣುದಾರಿಯಿಂದ ಸೀದಾ ಅಡ್ಡ ಬಂದಿದೆ. ಕಾರು ರಸ್ತೆಯಂಚಿನ ಜಲ್ಲಿಗಿಳಿದು ನಿಂತಿದೆ. ಒಂದು ಚಕ್ರದ ಮುಚ್ಚಳ ಹೋದದ್ದು ಬಿಟ್ಟರೆ ಏನೂ ಆಗಿಲ್ಲ. ಮನೆಗೆ ಬಂದವಳು ತಾನಾಗಿಯೇ ತಂದೆಗೆ ಎಲ್ಲ ಹೇಳಿ, ಕಾರಿನ ಕೀಯನ್ನು ಅವರ ಕೈಯಲ್ಲಿಟ್ಟಳಂತೆ. “ಒಂದು ತಿಂಗಳು ಕೊಡುದಿಲ್ಲ ಅಂದಿದ್ದೇನೆ. ಆದ್ರೂ... ಬೆಲ್ ಇಲ್ಲದಿದ್ರೆ ಎಂತ ಆಗ್ತಿತ್ತು ಮಾರಾಯ್ರೆ!”

ನಾನು ಹಲ್ವಾ ತೆಗೆದುಕೊಂಡೆ. ಮನೆಗೆ ಒಯ್ದು ತಿಂದೆ. ಆ ದಿನದ ಡೈರಿ: “ಸಂಜೀವಣ್ಣ ಹಲ್ವಾ ತಂದುಕೊಟ್ಟರು. ಕೇಸರಿಯ ಪರಿಮಳ.”

ಕತ್ತರಿಸಿದ ತಂತಿ ಹೇಗೆ ಬಡಿಯಿತು? ಮರುದಿನ ಹಮೀದನ ಬಳಿ ಹೋದೆ. ಅವನು ಕೈ ಒರೆಸಿಕೊಳ್ಳುತ್ತ, ನನ್ನನ್ನು ನೋಡದೆ ಹೇಳಿದ: “ಆ ಹುಡುಗಿ ಶುಕ್ರವಾರ ಸಂಜೆ ಬಂದಿತ್ತು ರಾಯರೇ, ರುಸ್ತಾಕಿಂದ ಸೀದಾ ಇಲ್ಲಿಗೆ. ಬೆಲ್ ಬಡೀಲಿಲ್ಲ, ಸರಿ ಮಾಡಿ ಅಂತು. ಯಾರು ಕಟ್ ಮಾಡಿದ್ದು ಅಂತ ಕೇಳ್ಲೇ ಇಲ್ಲ.”

ಎಂದರೆ, ಬೆಲ್ ಬಡಿಯುತ್ತದೆ ಎಂದು ನಂಬಿಯೇ ಅವಳು ವೇಗ ಹೆಚ್ಚಿಸಿದ್ದಳು. ತಂದೆ ಹೇಳಿದ್ದ ಸದ್ದಿಗಾಗಿ ಕಿವಿಗೊಟ್ಟು ಕಾದಿದ್ದಳು. ಅದು ಬರಲಿಲ್ಲ. ಪಿಕಪ್ಪು ಬಂತು. ಅವಳು ಬದುಕಿದ್ದು ಅವಳ ಕಾಲಿನ ಚುರುಕಿನಿಂದ, ಸಂಜೀವಣ್ಣ ಮೊಣಕಾಲೂರಿ ಓದಿದ ಟೈರುಗಳಿಂದ, ಇಪ್ಪತ್ತು ಸಲ ಜಗ್ಗಿದ ಬೆಲ್ಟಿನಿಂದ. ನನ್ನಿಂದ ಏನೂ ಅಲ್ಲ. ಹಾಗಿದ್ದೂ ತಂದೆಗೆ ತನ್ನ ತಪ್ಪನ್ನು ಒಪ್ಪಿಕೊಂಡು, ನನ್ನದನ್ನು ಮುಚ್ಚಿಟ್ಟಳು. ಕಾರು ಕೈತಪ್ಪೀತು ಎಂದೂ ಇರಬಹುದು. ನನ್ನ ಮಾನಕ್ಕಾಗಿಯೂ ಇರಬಹುದು. ಹತ್ತೊಂಬತ್ತರಲ್ಲಿ ನನಗೆ ಈ ಎರಡರಲ್ಲಿ ಒಂದೂ ಹೊಳೆಯುತ್ತಿರಲಿಲ್ಲ.

ಕೀ ಮರಳಿ ಸಿಕ್ಕ ಮೇಲೆ ಒಂದು ದಿನ ಆಫೀಸಿನ ಪಾರ್ಕಿಂಗಿನಲ್ಲಿ ಎದುರಾದಳು. ನಾನು ಏನೋ ಹೇಳಹೊರಟೆ. ಅವಳು ಕಿಟಕಿ ಇಳಿಸಿ, “ಇಟ್ಸ್ ವರ್ಕಿಂಗ್ ನೌ, ಅಂಕಲ್. ಚೆಕ್ ಮಾಡ್ಲಿಕ್ಕೆ ಹೋಗ್ಬೇಡಿ ಆಯ್ತಾ?” ಎಂದು ನಕ್ಕು ಹೋದಳು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲಿನ ವರ್ಷಗಳಲ್ಲಿ ಸಂಜೀವಣ್ಣ ಪ್ರತಿ ದೀಪಾವಳಿಗೂ ಹಲ್ವಾ ತಂದರು. ಊರಿನವರು ಸೇರಿದಲ್ಲೆಲ್ಲ “ಬೆಲ್ಲಿನ ಕಾರು ಕೊಟ್ಟವರು ಇವರೇ” ಎಂದು ನನ್ನನ್ನು ಪರಿಚಯಿಸಿದರು. ನಾನು ಸುಮ್ಮನಿದ್ದೆ. ನನ್ನದನ್ನು ಹೇಳಿದರೆ ಹುಡುಗಿಯ ಸುಳ್ಳೂ ಹೊರಬೀಳುತ್ತದಲ್ಲ, ತಂದೆ-ಮಗಳ ನಡುವೆ ಕೈ ಹಾಕಿದಂತಾಗುತ್ತದಲ್ಲ — ಹೀಗೆ ಅವಳ ಔದಾರ್ಯವನ್ನೇ ನನ್ನ ಮೌನಕ್ಕೆ ಹೊದಿಕೆ ಮಾಡಿಕೊಂಡೆ. ಮೊದಲ ತಪ್ಪು ಒಂದು ಕ್ಷಣದ್ದು. ಇದನ್ನು ಮಾತ್ರ ವರ್ಷವರ್ಷವೂ ಹೊಸದಾಗಿ ಮಾಡುತ್ತ ಬಂದೆ.

ಕಳೆದ ತಿಂಗಳು ಹಳೆಯ ಡೈರಿ ತೆರೆದು, ಆ ಕೇಸರಿಯ ಸಾಲು ಓದಿ, ಸುಚಿತ್ರಾಳಿಗೆ ಫೋನ್ ಮಾಡಿದೆ. ಈಗ ಮೂಲ್ಕಿಯಲ್ಲಿದ್ದಾಳೆ, ಕಮಲಕ್ಕ ತೀರಿಕೊಂಡ ಮೇಲೆ ಸಂಜೀವಣ್ಣ ಅವಳೊಂದಿಗೇ ಇದ್ದಾರೆ. “ನಿನ್ನ ಅಪ್ಪನಿಗೆ ಬೆಲ್ಲಿನ ವಿಷಯ ಹೇಳಬೇಕೆಂದಿದ್ದೇನೆ. ನಿನ್ನ ಮಾತೂ ಬರುತ್ತದೆ. ಹೇಳಲೇ?” ಎಂದೆ.

“ಅಂಕಲ್, ನಂದು ನಾನು ಆಗ್ಲೇ ಹೇಳಿ ಆಗಿದೆ. ಅಪ್ಪ ಕೀ ವಾಪಸ್ ಕೊಟ್ಟ ದಿನವೇ. ಸುಳ್ಳು ಹೇಳಿ ಆ ಕೀ ತಗೊಳ್ಲಿಕ್ಕೆ ಆಗ್ಲಿಲ್ಲ ನನಗೆ.”

“ಅವರು ಏನೆಂದರು?”

“ರಾಯರು ಅವರಾಗಿಯೇ ಹೇಳ್ತಾರೆ, ನೀನು ಕೇಳ್ಲಿಕ್ಕೆ ಹೋಗ್ಬೇಡ ಅಂದ್ರು.”

ಕೀ ಕೊಟ್ಟ ದಿನ. ಎಂದರೆ ಆ ಮೊದಲ ಬಟ್ಟಲೊಂದನ್ನು ಬಿಟ್ಟು ಉಳಿದೆಲ್ಲ ಹಲ್ವಾವನ್ನೂ ಅವರು ತಿಳಿದೇ ತಂದಿದ್ದರು. “ಬೆಲ್ಲಿನ ಕಾರು ಕೊಟ್ಟವರು” ಎಂದು ಹೇಳಿ ನನ್ನ ಕಡೆ ತಿರುಗಿದಾಗಲೆಲ್ಲ ಒಂದು ಕ್ಷಣ ನಿಲ್ಲುತ್ತಿದ್ದರು — ನಿಲ್ಲುತ್ತಿದ್ದರೇ? ಆ ಮುಖವನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಳ್ಳುತ್ತೇನೆ. ಕಾಯುತ್ತಿದ್ದ ಮುಖವೋ, ಸುಮ್ಮನೆ ಸ್ನೇಹದ ಮುಖವೋ, ಹೇಳಲಾರೆ. ಆಗ ನಾನು ನೆಲ ನೋಡುತ್ತಿದ್ದೆ.

ಅವರಿಗೆ ಎಲ್ಲ ಗೊತ್ತಿರುವಾಗ ಇನ್ನು ಹೇಳುವುದೇನು ಎಂದು ಒಳಗಿನಿಂದ ಒಂದು ದನಿ ಆಗಲೇ ಕೇಳತೊಡಗಿದೆ. ಆ ದನಿಯ ಗುರುತು ನನಗಿದೆ. ಅಂದು “ಇದೆ” ಎಂದದ್ದು ಅದೇ.

ನಾಳೆ ಬೆಳಗಿನ ಬಸ್ಸಿಗೆ ಹಾಸನದಿಂದ ಮೂಲ್ಕಿಗೆ ಹೊರಟಿದ್ದೇನೆ. “ಬೆಲ್ ಇರಲಿಲ್ಲ ಸಂಜೀವಣ್ಣ, ನಾನೇ ಕತ್ತರಿಸಿದ್ದು” — ಇಷ್ಟನ್ನು ಹೇಳುತ್ತೇನೆ. ಇದರ ಮುಂದಿನ ವಾಕ್ಯವನ್ನು ಬರೆದುಕೊಂಡಿಲ್ಲ.