ತಟ್ಟೆಯಮ್ಮನಿಗೆ ಸಿಗದ ಪಾತ್ರ

ಇಪ್ಪತ್ತೆರಡು ವರ್ಷ ನಮ್ಮಮ್ಮ ರಂಗದ ಮೇಲೆ ತಟ್ಟೆ ಹಿಡಿದು ಬಂದಳು, ಹೋದಳು. ನಾಟಕ ಯಾವುದೇ ಇರಲಿ, ಅವಳು ಮನೆಕೆಲಸದವಳು. ನಾಟಕ ಕಂಪನಿಯವರು ಅವಳನ್ನು ತಟ್ಟೆಯಮ್ಮ ಎಂದೇ ಕರೆಯುತ್ತಿದ್ದರು. ಹುಟ್ಟಿದ ದೇಶದ ರಂಗದಲ್ಲಿ ರಾಣಿಯ ಪಾತ್ರ ಮಾಡಿ ಮೆರೆದವಳಿಗೆ, ನಮ್ಮಪ್ಪನ ಹಿಂದೆ ಗಡಿ ದಾಟಿ ಬಂದಮೇಲೆ ಉಳಿದದ್ದು ಒಂದೇ ಮಾತು: "ಊಟಕ್ಕೆ ಬಡಿಸಿದೆ, ಬನ್ನಿ." ಕಾರಣ, ಅವಳ ಮಾತಿನ ಧಾಟಿಯಂತೆ. "ನಾಲಿಗೆ ಇನ್ನೂ ನಿಮ್ಮೂರಲ್ಲೇ ಇದೆಯಲ್ಲಮ್ಮ, ಮುಂದಿನ ನಾಟಕಕ್ಕೆ ನೋಡೋಣ" ಎಂದು ನಿರ್ದೇಶಕ ಪ್ರತಿ ಸಲ ಮೂಗಿಗೆ ತುಪ್ಪ ಸವರುತ್ತಿದ್ದ. ಅಮ್ಮ ಪ್ರತಿ ಸಲ ನಂಬುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೂ ಒಂದು ನಾಟಕ ಬಂತು. ಮುಖ್ಯ ಪಾತ್ರವೇ ಪರದೇಶದಿಂದ ಬಂದ ತಾಯಿ. ಮಗ ಸತ್ತ ಸುದ್ದಿ ಅವಳಿಗೆ ಫೋನಿನಲ್ಲಿ ಬರುತ್ತದೆ. ಅಮ್ಮ ಒಂದು ವಾರ ಅಡುಗೆಮನೆಯಲ್ಲಿ ಆ ಮಾತುಗಳನ್ನು ಬಾಯಿಪಾಠ ಮಾಡಿದಳು. ಎರಡು ಸಲ ಹಾಲು ಉಕ್ಕಿ ಒಲೆಪಾಲಾಯಿತು. ನಿರ್ದೇಶಕ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ. ಆದ್ರೆ ಧಾಟಿ ಸ್ವಲ್ಪ ಜಾಸ್ತಿ ಆಯ್ತು, ಜನ ನಂಬಲ್ಲ" ಎಂದ. ಪಾತ್ರ ಕಂಪನಿಯ ನಾಯಕಿ ನಟಿಯ ಪಾಲಾಯಿತು. ಅವಳಿಗೆ ಆ ಧಾಟಿ ಕಲಿಸುವ ಕೆಲಸ ಅಮ್ಮನ ತಲೆಗೆ ಬಂತು! ಮಾನಗೆಟ್ಟವರು.

"ಒಪ್ಕೋಬೇಡಮ್ಮ, ಮುಖಕ್ಕೆ ಹೊಡೆದ ಹಾಗೆ ಹೇಳು" ಎಂದು ಕೂಗಾಡಿದೆ.

"ಸುಮ್ನಿರೇ. ರಂಗ ಬಿಟ್ರೆ ನಾನೆಲ್ಲಿಗೆ ಹೋಗ್ಲಿ?" ಎಂದಳು.

ಮೂರು ವಾರ ನಾಯಕಿ ನಮ್ಮ ಮೇಜಿನ ಮುಂದೆ ಕೂತು, ಅಮ್ಮ ಮಾತನ್ನು ಎಲ್ಲಿ ಎಳೆಯುತ್ತಾಳೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂದು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಳು. ನಾನು ಚಹಾದ ಲೋಟವನ್ನು ಅವಳ ಮುಂದೆ ಕುಕ್ಕುತ್ತಿದ್ದೆ. ಕೊನೆಯ ದಿನ ಅವಳು ಕೇಳಿದಳು: "ಅಕ್ಕಾ, ಮಗ ಸತ್ರೆ ನಿಮ್ಮ ಕಡೆ ಏನಂತ ಅಳ್ತಾರೆ? ಒಂದ್ಸಲ ಅತ್ತು ತೋರ್ಸಿ."

ನಮ್ಮಣ್ಣ ಅಮ್ಮನ ಊರಲ್ಲಿ ಅಜ್ಜಿಯ ಹತ್ತಿರವೇ ಉಳಿದವನು, ಅಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಸುದ್ದಿ ಬಂದ ದಿನವೂ ಅಮ್ಮ ತಟ್ಟೆ ಹಿಡಿದು ರಂಗಕ್ಕೆ ಹೋಗಿದ್ದಳು. ಇದು ನಾಯಕಿಗೂ ಗೊತ್ತಿತ್ತು.

ಅಮ್ಮ ಎದ್ದು ಬಾಗಿಲು ತೆರೆದಳು. "ಅದನ್ನ ಕಲಿಸಲ್ಲ. ಹೋಗಮ್ಮ ನೀನು." ಮರುದಿನದಿಂದ ಅಮ್ಮ ಕಂಪನಿಯ ಮೆಟ್ಟಿಲು ಹತ್ತಲಿಲ್ಲ. ನನಗೆ ಕುಣಿದಾಡುವಷ್ಟು ಖುಷಿಯಾಯಿತು.

ನಾಟಕ ಭರ್ಜರಿಯಾಗಿ ನಡೆಯಿತು. ಹೇಗೆ ಅಳಬೇಕೆಂದು ತಿಳಿಯದೆ ನಾಯಕಿ ಫೋನು ಹಿಡಿದು, ಬಾಯಿ ತೆರೆದು, ಸುಮ್ಮನೆ ನಿಂತಳಂತೆ. ಪತ್ರಿಕೆಯವನು ಆ ಮೌನವನ್ನೇ ಹೊಗಳಿ ಅರ್ಧ ಪುಟ ಬರೆದಿದ್ದ. ನಾನು ಪೇಪರನ್ನು ಹರಿಯಹೋದೆ. ಅಮ್ಮ ಕಸಿದುಕೊಂಡು ಕಡೆಯ ಸಾಲಿನ ತನಕ ಓದಿದಳು.

"ನಾನು ಕೊಡಲ್ಲ ಅಂದಿದ್ದಕ್ಕೂ ಅವಳೇ ಚಪ್ಪಾಳೆ ತಗೊಂಡ್ಲಲ್ಲೇ!"