ಹಲ್ಲು ರಿಪೇರಿಯವನ ಸಾಲದ ಅರ್ಜಿ

ಬ್ಯಾಗು ಹೊಲಿಯುವವನನ್ನು ಬೀದಿಯವರೆಲ್ಲ ಹಲ್ಲು ಡಾಕ್ಟರೆಂದೇ ಕರೆಯುತ್ತಿದ್ದರು. ಜಿಪ್ಪಿನ ಹಲ್ಲು ಕಿತ್ತುಹೋದರೆ ಮತ್ತೆ ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ಅವನನ್ನು ನಿಜವಾದ ಡಾಕ್ಟರ್ ಮಾಡಬೇಕೆಂದು ಅವನಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ಮಗರಾಯ ವಿಜ್ಞಾನದಲ್ಲೇ ಎರಡು ಸಲ ಡುಮ್ಕಿ ಹೊಡೆದು ಸೂಜಿ ಹಿಡಿದು ಕೂತ. ಇಪ್ಪತ್ತೆರಡು ವರ್ಷವಾದರೂ ಆ ಸಂಕಟ ಅಮ್ಮನಿಗೆ ಹೋಗಿರಲಿಲ್ಲ.

ಆಮೇಲೆ ಬಂತಲ್ಲ ಆ ಹಾಳು ಸಾಂಕ್ರಾಮಿಕ! ಶಾಲೆಗೆ ಬೀಗ, ಬಸ್ಸು ಬಂದ್. ಎಲ್ಲಿಗೂ ಹೋಗದ ಜನಕ್ಕೆ ಬ್ಯಾಗ್ ಯಾತಕ್ಕೆ? ಐದು ತಿಂಗಳು ಅಂಗಡಿ ಕಡೆ ನರಪಿಳ್ಳೆ ಸುಳಿಯಲಿಲ್ಲ. ಕೊನೆಗೆ ದಪ್ಪ ಚರ್ಮವನ್ನೂ ಸಲೀಸಾಗಿ ಹೊಲಿಯುವ ಮಿಷನ್ನನ್ನೇ ಮಾರುವ ಮಾತಾಯಿತು. ಶನಿವಾರ ಬಂದು ಒಯ್ಯುತ್ತೇನೆಂದು ಹಳೇ ಸಾಮಾನಿನವನು ಹೇಳಿಹೋದ. ಅಂದಿನಿಂದ ಮಗ ಆ ಮಿಷನ್ನಿಗೆ ದಿನಾ ಎಣ್ಣೆ ಹಾಕತೊಡಗಿದ.

ಉಳಿದ ಆಸೆ ಒಂದೇ, ಸಣ್ಣ ವ್ಯಾಪಾರಿಗಳಿಗೆ ಸರ್ಕಾರ ಕೊಡುವ ಪರಿಹಾರ ಸಾಲ. ಅರ್ಜಿ ಹಾಕಿ ಆಗಿತ್ತು. ಶುಕ್ರವಾರ ಬೆಳಿಗ್ಗೆ ಸಾಲದ ಅಧಿಕಾರಿಯ ಫೋನ್ ಬಂತು.

"ಉದ್ಯೋಗ ಅನ್ನೋ ಕಡೆ 'ಹಲ್ಲು ರಿಪೇರಿ' ಅಂತ ಬರ್ದಿದೀರಿ. ಸರ್ಟಿಫಿಕೇಟ್ ಎಲ್ರೀ?"

"ಅದಕ್ಕೆಲ್ಲ ಎಲ್ಲಿಯ ಸರ್ಟಿಫಿಕೇಟ್ ಸಾರ್? ನೋಡ್ಕೊಂಡು ಕಲ್ತಿದ್ದು."

"ದಿನಕ್ಕೆ ಎಷ್ಟು ಹಲ್ಲು ಕೀಳ್ತೀರಿ?"

"ಕೀಳೋದು ಕಮ್ಮಿ ಸಾರ್. ಇಕ್ಕಳದಲ್ಲಿ ಒತ್ತಿ ಕೂರಿಸ್ತೀನಿ. ತೀರಾ ಸವೆದಿದ್ರೆ ಇಡೀ ಸಾಲು ಕಿತ್ತು ಬಿಸಾಕಿ ಹೊಸದು ಹೊಲಿದುಬಿಡ್ತೀನಿ."

"ಹೊಲೀತೀರಾ! ನೋವಾಗಲ್ವೇನ್ರೀ?"

"ಆಗುತ್ತೆ ಸಾರ್, ನನ್ನ ಬೆರಳಿಗೆ. ಒಂಚೂರು ಮೇಣ ಸವರಿದ್ರೆ ಬಾಯಿ ತಂತಾನೇ ಮುಚ್ಕೊಳ್ಳುತ್ತೆ."

"ಮೊದ್ಲು ನೀವು ಬಾಯಿ ಮುಚ್ಚಿ! ಅರ್ಜಿ ವಜಾ. ಪೊಲೀಸ್ರಿಗೂ ಹೇಳ್ತೀನಿ."

ಮಗ ಬೆಪ್ಪಾದ. ಬಟ್ಟೆ ಮಡಿಸುತ್ತಲೇ ಎಲ್ಲ ಕೇಳಿಸಿಕೊಂಡಿದ್ದ ಅಮ್ಮ ಬಂದು ಫೋನ್ ಕಿತ್ತುಕೊಂಡಳು.

"ರೀ ಸ್ವಾಮಿ, ಅದು ಬ್ಯಾಗಿನ ಜಿಪ್ಪಿನ ಹಲ್ಲು! ಇವ್ನು ಮನುಷ್ಯರ ಹಲ್ಲು ಕೀಳೋ ಹಾಗಿದ್ದಿದ್ರೆ ನಾನ್ಯಾಕೆ ಇಷ್ಟು ವರ್ಷ ಕೊರಗ್ತಿದ್ದೆ?"

ಅಧಿಕಾರಿ ನಕ್ಕರು ನೋಡಿ! ನಕ್ಕೂ ನಕ್ಕೂ ಕೆಮ್ಮು ಬಂತು. ಆ ಕಾಲದಲ್ಲಿ ಕೆಮ್ಮುವುದೆಂದರೆ ಏನು? ಇಡೀ ಕಚೇರಿಯೇ ಗೋಡೆಗೆ ಅಂಟಿಕೊಂಡಿತಂತೆ. ನಗು ನಿಂತ ಮೇಲೆ ಅವರೇ ಉದ್ಯೋಗವನ್ನು ತಿದ್ದಿ, ಸಂಜೆಯೊಳಗೆ ಸಾಲ ಮಂಜೂರು ಮಾಡಿದರು.

ಶನಿವಾರ ಹಳೇ ಸಾಮಾನಿನವನು ಗಾಡಿ ತಂದು ಬರಿಗೈಲಿ ಹೋದ. ಮಗ ಮಿಷನ್ನಿನ ಮೇಲೆ ಕೈಯಿಟ್ಟು ಗಳಗಳನೆ ಅತ್ತ, ಬರೀ ಸಂತೋಷಕ್ಕೆ. ಆಮೇಲೆ ಫೋನಿಗೆ ಬಂದಿದ್ದ ಮಂಜೂರಾತಿ ಪತ್ರವನ್ನು ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ ತಂದು ಓದಿದರೆ, ಅರ್ಜಿಯಲ್ಲಿ ಹಲ್ಲು ಅಂತ ಕಂಡ ಕೂಡಲೇ ಯಾರೋ ಗುಮಾಸ್ತರು ಅವನ ಹೆಸರಿನ ಮುಂದೆ ಸೇರಿಸಿದ್ದ 'ಡಾ.' ಹಾಗೇ ಉಳಿದಿತ್ತು.

"ತಪ್ಪಾಗಿದೆ ಅಮ್ಮ, ಇದನ್ನೂ ತಿದ್ದಿಸ್ಬೇಕು."

"ಮುಟ್ಟಿದ್ರೆ ನೋಡು!" ಅಮ್ಮ ಪತ್ರ ಕಿತ್ತುಕೊಂಡು, ಕನ್ನಡಕ ಒರೆಸಿಕೊಂಡು, ಆ ಒಂದಕ್ಷರವನ್ನು ಮತ್ತೆ ಮತ್ತೆ ಓದಿದಳು. "ಇಪ್ಪತ್ತೆರಡು ವರ್ಷ ಕಾದಿದೀನಿ ಕಣೋ." ಆಮೇಲೆ ಪತ್ರವನ್ನು ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡಳು. "ಊಟಕ್ಕೆ ಏಳಿ ಡಾಕ್ಟ್ರೇ. ಮೊದ್ಲು ಸೋಪು ಹಾಕಿ ಕೈ ತೊಳ್ಕೊಳ್ಳಿ."